ಒಂದು ಹೆಸರಿಗೆ ಒಂದು ಕಾಯಿ

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ. ಕೊಳ್ಳುವವನು ಯಾರ ಚೀಲಕ್ಕೆ ಬೇಕಾದರೂ ಕೈ ಹಾಕಬಹುದು. ಒಂದು ಕೊಬ್ಬರಿ ಎತ್ತಿ, ಸೀಳಿ, ಒಳಗಿನ ಬಿಳುಪು ನೋಡಿ, ಚೂರು ಬಾಯಿಗೆ ಹಾಕಿಕೊಂಡು, ಎತ್ತಲೋ ನೋಡುತ್ತ ಅಗಿದು, "ಯಾಕೋ ಸಪ್ಪೆ" ಎಂದು ಮುಂದಿನ ಚೀಲಕ್ಕೆ ಹೋಗಬಹುದು. ಬೆಳೆದವನು ಬೇಜಾರು ಮಾಡಿಕೊಳ್ಳುವುದಿಲ್ಲ. ಹೀಗೆ ನಾಲ್ಕು ಸಾಲು ಚೀಲ ನೋಡಿ, ಏನೂ ಕೊಳ್ಳದೆ, ಬೆಳಗಿನ ತಿಂಡಿಯನ್ನೇ ಮುಗಿಸಿಕೊಂಡು ಮನೆಗೆ ಹೋಗುವವರೂ ಇದ್ದಾರೆ.

ಆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಆದಾಯ ತೆರಿಗೆಯ ರಿಟರ್ನ್ ತುಂಬಿಕೊಡುವ ತೋಂಟದಾರ್ಯ ಇದೇ ಗಾಳಿ ಕುಡಿದು ಬೆಳೆದವನು. ಅವನ ತೊಂದರೆಯೆಲ್ಲ ಶುರುವಾದದ್ದು ಇಲ್ಲಿಂದಲೇ.

ಮೊದಲೆಲ್ಲ ಅವನು ಬಳಸುತ್ತಿದ್ದ ಸಾಫ್ಟ್‌ವೇರಿಗೆ ವರ್ಷಕ್ಕೊಮ್ಮೆ ಹಣ ಕಟ್ಟಿದರೆ ಮುಗಿಯುತ್ತಿತ್ತು. ಈ ವರ್ಷ ಕಂಪನಿಯವರು ಹೊಸ ಪದ್ಧತಿ ತಂದರು. "ಬಳಸಿದಷ್ಟಕ್ಕೆ ಮಾತ್ರ ಹಣ, ಸರ್. ಒಂದು ಹೆಸರಿಗೆ ಒಂದು ಕ್ರೆಡಿಟ್" ಎಂದು ಫೋನಿನಲ್ಲಿ ಒಂದು ಹುಡುಗಿ ಹೇಳಿದಳು. ತೋಂಟದಾರ್ಯನಿಗೆ ಈ ಮಾತು ಬಹಳ ಹಿಡಿಸಿತು. ಮಾರಿದರೆ ಹಣ, ಇಲ್ಲದಿದ್ದರೆ ಇಲ್ಲ. ಇದು ನಮ್ಮ ಕೊಬ್ಬರಿ ವ್ಯಾಪಾರದಂತೆಯೇ ಇದೆ ಎಂದುಕೊಂಡು ಒಂದು ಕಂತೆ ಕ್ರೆಡಿಟ್ ಕೊಂಡ. ಗಿರಾಕಿಗಳಿಗೆ ಕ್ರೆಡಿಟ್ ಅಂದರೆ ತಿಳಿಯುವುದಿಲ್ಲವೆಂದು ಅದನ್ನು 'ಕಾಯಿ' ಎಂದ. "ಒಂದು ಹೆಸರಿಗೆ ಒಂದು ಕಾಯಿ ಕಣಪ್ಪ. ತುಂಬಿ ಕಳಿಸಿದಾಗ ಒಡೀತದೆ." ಬೀದಿಗೆಲ್ಲ ಆ ಹೆಸರೇ ನಿಂತಿತು.

ಅವನ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಬರುತ್ತಿದ್ದದ್ದೇ 'ಸುಮ್ನೆ ನೋಡಿ' ಎನ್ನುವುದಕ್ಕೆ. ನಮ್ಮ ಭಾವಂದು ಸುಮ್ನೆ ನೋಡಿ, ಈ ಪ್ಯಾನ್ ನಂಬರು ಜೀವಂತ ಐತಾ ನೋಡಿ, ರೀಫಂಡ್ ಬತ್ತದಾ ನೋಡಿ. ಅವನು ನೋಡುತ್ತಿದ್ದ. ಹೆಸರು ಹಾಕುವುದು, ತೆರೆಯುವುದು, ನೋಡಿ ಹೇಳುವುದು. ನೋಡುವುದಕ್ಕೆ ಯಾರಾದರೂ ಕಾಸು ಕೇಳುತ್ತಾರೆಯೇ?

ಸಾಫ್ಟ್‌ವೇರು ಕೇಳುತ್ತಿತ್ತು. ಹೊಸ ಹೆಸರು ತೆರೆದ ಕ್ಷಣವೇ ಅದು ಸದ್ದಿಲ್ಲದೆ ಕಾಯಿ ಒಡೆದುಕೊಳ್ಳುತ್ತಿತ್ತು. ಈ ಸಂಗತಿ ತೋಂಟದಾರ್ಯನಿಗೆ ತಿಳಿದದ್ದು ರಿಟರ್ನ್ ತುಂಬುವ ಕೊನೆಯ ದಿನದ ಬೆಳಿಗ್ಗೆ. ಪರದೆಯ ಮೂಲೆಯಲ್ಲಿ, ಇರುವೆಯ ಗಾತ್ರದ ಅಕ್ಷರದಲ್ಲಿ, 'ಬಾಕಿ: 4' ಎಂದಿತ್ತು.

ಅವನು ಕನ್ನಡಕ ತೆಗೆದು ಒರೆಸಿಕೊಂಡು ನೋಡಿದ. ಒರೆಸಿದ ಮೇಲೆ ನಾಲ್ಕು ಇನ್ನೂ ಸ್ಪಷ್ಟವಾಗಿ ನಾಲ್ಕೇ ಆಯಿತು.

ಲೆಕ್ಕ ಹಾಕಿದ. ಇವತ್ತು ಬಾಕಿ ಇದ್ದವರು ಮೂವರು. ಬೆಳಿಗ್ಗೆ ಬರುವ ಕೊಬ್ಬರಿ ವರ್ತಕ ರಂಗನಾಥ್. ಮಧ್ಯಾಹ್ನ ಬರುವ ಬಿಳಿಗೆರೆಯ ಗೆಳೆಯ ತಿಮ್ಮಯ್ಯ. ಮತ್ತೆ ನಿರ್ಮಲಾ.

ನಿರ್ಮಲಾ ಬರುವವಳಲ್ಲ. ಅವನ ಹೆಂಡತಿ, ಶಿವರಾತ್ರಿಯ ಹಿಂದಿನ ವಾರ ತೀರಿಕೊಂಡಿದ್ದಳು.

ತೀರಿಕೊಂಡವರದೂ ಆ ವರ್ಷದ ಲೆಕ್ಕವನ್ನು ವಾರಸುದಾರರು ಒಪ್ಪಿಸಬೇಕು. ಅದಕ್ಕೆ ಮರಣಪತ್ರ ಹಾಕಿ ಒಪ್ಪಿಗೆ ಪಡೆದು ತಿಂಗಳಾಗಿತ್ತು. ಆದರೂ ಅವನು ತುಂಬಿರಲಿಲ್ಲ. "ನಂದು ಯಾವತ್ತೂ ಕೊನೇ ದಿನಕ್ಕೆ ಇಡಬೇಡ್ರೀ" ಎಂದು ಪ್ರತಿ ವರ್ಷ ಹೇಳುತ್ತಿದ್ದವಳದನ್ನೇ ಕೊನೆಯ ದಿನದವರೆಗೆ ತಂದುಕೊಂಡಿದ್ದ. ತುಂಬಿ ಕಳಿಸಿದರೆ ಅವಳ ಹೆಸರಿನಲ್ಲಿ ಮಾಡುವ ಕೆಲಸ ಈ ಲೋಕದಲ್ಲಿ ಇನ್ನೇನೂ ಉಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ನಿರ್ಮಲಾ ಇದ್ದಷ್ಟು ವರ್ಷವೂ ಅಂಗಡಿಯ ಬೋಣಿ ಅವಳದೇ. ಮೊದಲ ವರ್ಷ ಒಂದು ವಾರವಾದರೂ ಒಬ್ಬ ಗಿರಾಕಿಯೂ ಹತ್ತಿರ ಸುಳಿದಿರಲಿಲ್ಲ. ತೋಂಟದಾರ್ಯ ನೊಣ ಹೊಡೆಯುತ್ತ ಕೂತಿದ್ದ. ಕೊನೆಗೆ ನೊಣಗಳೂ ಬೇಸತ್ತು ಎದುರಿನ ಬೇಕರಿಗೆ ಹೋದವು. ಒಂದು ಮಧ್ಯಾಹ್ನ ಬುತ್ತಿ ತಂದ ನಿರ್ಮಲಾ, ಬುತ್ತಿಯ ಪಕ್ಕದಲ್ಲಿ ತವರಿನವರು ತುರುವೇಕೆರೆಯಲ್ಲಿ ಕೊಟ್ಟಿದ್ದ ಎರಡು ಮಳಿಗೆಗಳ ಬಾಡಿಗೆ ಚೀಟಿಗಳನ್ನಿಟ್ಟು, ಗಿರಾಕಿಯ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತಳು.

"ನಂದು ತುಂಬಿ. ಬೋಣಿ ಆಗ್ಲಿ."

"ನಿನ್ನ ಹತ್ರ ಏನೇ ಫೀಜು ಇಸ್ಕೊಳ್ಳೋದು?"

"ಬಿಟ್ಟಿ ಬೋಣಿ ಏಳಿಗೆ ಅಲ್ಲ ಕಣ್ರೀ" ಎಂದು ಒಂದು ರೂಪಾಯಿ ನಾಣ್ಯ ಇಟ್ಟಿದ್ದಳು. ಅವತ್ತು ಸಂಜೆಯೊಳಗೆ ಇಬ್ಬರು ಬಂದರು. ಅಂದಿನಿಂದ ಪ್ರತಿ ವರ್ಷ ಮೊದಲು ತೆರೆಯುವ ಹೆಸರು ಅವಳದು. ಈ ವರ್ಷ ಬೋಣಿ ಯಾರದಾಯಿತೋ ಅವನಿಗೆ ನೆನಪಿರಲಿಲ್ಲ. ಆ ದಿನಗಳೇ ಹಾಗಿದ್ದವು. ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಅಂಗಡಿಗೆ ಬಂದದ್ದನ್ನು ಬೇರೆಯವರು ಹೇಳಬೇಕಾಗಿತ್ತು.

ಇರಲಿ. ಮೂವರಿಗೆ ನಾಲ್ಕು ಕಾಯಿ. ಒಂದು ಹೆಚ್ಚೇ ಇದೆ ಎಂದು ತೋಂಟದಾರ್ಯ ಉಸಿರು ಬಿಟ್ಟ.

ರಂಗನಾಥ್ ಬಂದ, ಕೂತ, ಅವನದು ತುಂಬಿ ಕಳಿಸಿದ್ದಾಯಿತು. ಬಾಕಿ ಮೂರು. ಇಡೀ ದಿನದಲ್ಲಿ ಸರಿಯಾಗಿ ನಡೆದ ಕೆಲಸ ಇದೊಂದೇ.

ಮುಂದೆ ಅವನು ಮಾಡಿದ ತಪ್ಪೆಂದರೆ ಕಂಪನಿಗೆ ಫೋನು ಹಚ್ಚಿದ್ದು. ನೋಡಿದ್ದಕ್ಕೆಲ್ಲ ಒಡೆದ ಕಾಯಿಗಳನ್ನು ವಾಪಸು ಕೇಳೋಣವೆಂದು ಅಂಗಡಿಯ ಹೊರಗೆ, ಸಿಗ್ನಲ್ ಸಿಗುವ ಹೊಂಗೆ ಮರದ ಕೆಳಗೆ ಹೋಗಿ ನಿಂತ. ಫೋನಿನಲ್ಲಿ ಸಂಗೀತ ಬರತೊಡಗಿತು. ಅದು ಮುಗಿಯುವ ಸಂಗೀತವಾಗಿರಲಿಲ್ಲ.

ಅಷ್ಟರಲ್ಲಿ ಮಹಡಿಯಿಂದ ಲಕ್ಷ್ಮೀದೇವಮ್ಮ ಇಳಿದು ಬಂದರು. ಕಟ್ಟಡ ಅವರದು. ಬಾಡಿಗೆಯ ಜೊತೆಗೆ ಬಾಡಿಗೆದಾರರ ಕಷ್ಟಸುಖವನ್ನೂ ವಸೂಲು ಮಾಡುವ ಅಭ್ಯಾಸ ಅವರಿಗಿತ್ತು. ವಾರಸುದಾರನ ಒಪ್ಪಿಗೆ ಬಂದ ದಿನ "ಸತ್ತೋರಿಗೂ ಟ್ಯಾಕ್ಸಾ ತೋಂಟಪ್ಪಾ? ಇನ್ನು ಯಮಧರ್ಮನಿಗೂ ಒಂದು ನಂಬರು ಮಾಡ್ಸು" ಎಂದು ನಕ್ಕು, ಬೀದಿಯ ಆ ತುದಿಯವರೆಗೂ ನಗಿಸಿದ್ದರು. ಅಂದಿನಿಂದ ತೋಂಟದಾರ್ಯ ನಿರ್ಮಲಾಳ ಫೈಲಿನ ಮಾತನ್ನು ಯಾರ ಎದುರಿಗೂ ಎತ್ತಿರಲಿಲ್ಲ.

ಅಂಗಡಿಯೊಳಗೆ ಪಕ್ಕದ ಮೊಬೈಲ್ ರೀಚಾರ್ಜಿನ ದಯಾನಂದ ಒಬ್ಬನೇ ಇದ್ದ. ತನ್ನ ಅಂಗಡಿಯಲ್ಲಿ ಫ್ಯಾನ್ ಕೆಟ್ಟು ಎರಡು ವರ್ಷವಾಗಿದ್ದರಿಂದ ಅವನು ಸಾಮಾನ್ಯವಾಗಿ ಇಲ್ಲೇ ಇರುತ್ತಿದ್ದ.

"ತೋಂಟಪ್ಪ ಎಲ್ಲೋದ? ನಮ್ಮ ಅಳಿಯಂದು ಆಧಾರ್ ಲಿಂಕ್ ಆಗೈತಾ ಸುಮ್ನೆ ನೋಡ್ಬೇಕಿತ್ತು."

"ಅಷ್ಟೇನಾ? ತನ್ನಿ ಅಜ್ಜಿ, ನಾನೇ ನೋಡ್ತೀನಿ. ದಿನಾ ನೋಡ್ತಾ ನೋಡ್ತಾ ನಂಗೂ ಬತ್ತದೆ."

ತೋಂಟದಾರ್ಯ ಮರದ ಕೆಳಗಿನಿಂದ ಇದನ್ನು ಕಂಡ. ದಯಾನಂದ ತನ್ನ ಕುರ್ಚಿಯಲ್ಲಿ ಕೂತಿದ್ದಾನೆ. ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕುವ ಹಾಗೆ, ಏನನ್ನೋ ಒತ್ತುತ್ತಿದ್ದಾನೆ. ಒಂದು ಕೈಯಲ್ಲಿ ಸಂಗೀತ ಹಿಡಿದುಕೊಂಡೇ ಓಡಿ ಬಂದ.

"ಒತ್ಬೇಡ್ಲಾ, ಒತ್ಬೇಡ."

"ಒತ್ತಾಯ್ತಲ್ಲಣ್ಣ. ಹೆಸರು ಬಂತು ನೋಡು, ದಿನೇಶ್ ಅಂತ."

ಬಾಕಿ ಎರಡಾಗಿತ್ತು.

"ಲಿಂಕ್ ಆಗೈತಾ?" ಎಂದು ಕೇಳಿದರು ಲಕ್ಷ್ಮೀದೇವಮ್ಮ.

"ಅದು ಇದರಲ್ಲಿ ಗೊತ್ತಾಗಲ್ಲ ಅಮ್ಮಾ."

"ಮತ್ತೆ ಯಾಕಪ್ಪ ನೋಡಿದ್ರಿ?"

ಅಷ್ಟರಲ್ಲಿ ತೋಂಟದಾರ್ಯನ ಕೈಯಲ್ಲಿದ್ದ ಫೋನಿನ ಸಂಗೀತ ನಿಂತಿತು. ಒಬ್ಬ ಹುಡುಗನ ಧ್ವನಿ ಬಂತು, ಜೇನು ಸವರಿದ ಹಾಗೆ.

"ಹೇಳಿ ಸರ್, ಏನು ಸಹಾಯ ಮಾಡಬಹುದು?"

"ನೋಡಿದ್ದಕ್ಕೆಲ್ಲ ಕಾಯಿ ಒಡ್ಕೊಂಡಿದೆ ಕಣ್ರೀ ನಿಮ್ಮ ಮಿಷನ್ನು."

"ಕಾಯಿ ಅಂದ್ರೆ ಸರ್?"

ತೋಂಟದಾರ್ಯ ವಿವರಿಸಿದ. ತೆರೆದರೆ ಕ್ರೆಡಿಟ್ ಹೋಗುತ್ತದೆ, ಕಳಿಸಿದರೂ ಬಿಟ್ಟರೂ ಒಂದೇ ಎಂದು ಆ ಹುಡುಗನೂ ವಿವರಿಸಿದ. ಮುಂದಿನ ವರ್ಷದ ಪಟ್ಟಿಗೆ ಹೆಸರು ಒಯ್ದರೆ ಅದಕ್ಕೂ ಒಂದು ಎಂದು ಕೇಳದೆಯೇ ಸೇರಿಸಿದ.

"ಹಾಗಾದ್ರೆ ಮೀಟರ್ ತಪ್ಪಾಗಿದೆ ನಿಮ್ದು."

"ಅನುಮಾನ ಇದ್ರೆ ಚೆಕ್ ಮಾಡೋಣ ಸರ್. ಒಂದು ಹೊಸ ಹೆಸರು ಹಾಕಿ. ಯಾರದಾದ್ರೂ ಪರವಾಗಿಲ್ಲ."

ದಯಾನಂದ ಉತ್ಸಾಹದಿಂದ ತನ್ನ ಪ್ಯಾನ್ ಕಾರ್ಡು ಕೊಟ್ಟ. ತನ್ನ ಹೆಸರನ್ನು ದೊಡ್ಡ ಪರದೆಯಲ್ಲಿ ನೋಡುವ ಆಸೆ ಅವನಿಗೆ ಬಹಳ ದಿನದಿಂದ ಇತ್ತು. ತೋಂಟದಾರ್ಯ ಕೋಪದ ಭರದಲ್ಲಿ ಹೆಸರು ಹಾಕಿ ಒತ್ತಿದ.

"ಈಗ ಎಷ್ಟು ತೋರಿಸ್ತಿದೆ ಸರ್?"

"ಒಂದು."

"ಮೊದಲು ಎಷ್ಟಿತ್ತು?"

"ಎರಡು."

"ನೋಡಿದ್ರಾ ಸರ್, ಮೀಟರ್ ಸರಿಯಾಗೇ ಕೆಲಸ ಮಾಡ್ತಿದೆ. ಇನ್ನೇನಾದ್ರೂ ಸಹಾಯ?"

ತೋಂಟದಾರ್ಯ ಕಾರ್ಡನ್ನು ದಯಾನಂದನಿಗೆ ವಾಪಸು ಕೊಟ್ಟ. ಆಮೇಲೆ, ಹೊಸ ಕಂತೆ ಕೊಂಡರೆ ಯಾವಾಗ ಸಿಗುತ್ತದೆ ಎಂದು ಕೇಳಿದ. ಹಣ ಈಗಲೇ ಕಟ್ಟಬಹುದು, ಕ್ರೆಡಿಟ್ ಮಾತ್ರ ನಾಳೆ ಬೆಳಿಗ್ಗೆ ಬರುತ್ತದೆ ಎಂದಿತು ಜೇನು. ನಾಳೆ ಬೆಳಿಗ್ಗೆ ಬಂದು ಏನಾಗಬೇಕು. ತಿಥಿಯ ಮಾರನೆಯ ದಿನ ಬಾಳೆಲೆ ತಂದ ಹಾಗೆ.

ಸರ್ಕಾರದ ವೆಬ್‌ಸೈಟಿನಲ್ಲಿ ನೇರವಾಗಿ ತುಂಬಿದರೆ ಬಿಟ್ಟಿ ಎಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ತೆರೆದೂ ನೋಡಿದ. ಕೊನೆಯ ದಿನವಾದ್ದರಿಂದ ಅಲ್ಲಿ ಒಂದು ಸಣ್ಣ ಚಕ್ರ ತಿರುಗುತ್ತಿತ್ತು. ಊಟಕ್ಕೆ ಹೋಗಿ ಬಂದಾಗಲೂ ಗಾಣದೆತ್ತಿನಂತೆ ನಿಷ್ಠೆಯಿಂದ ತಿರುಗುತ್ತಲೇ ಇತ್ತು.

ಒಂದು ಕಾಯಿ. ತಿಮ್ಮಯ್ಯ ಮತ್ತು ನಿರ್ಮಲಾ.

ತಿಮ್ಮಯ್ಯ ಬಾರದೆ ಇದ್ದುಬಿಡಲಿ, ಬಸ್ಸು ಕೆಡಲಿ, ಮರೆತುಹೋಗಲಿ ಎಂದು ತೋಂಟದಾರ್ಯ ಹಾರೈಸಿದ. ಹಾರೈಸಿದ್ದಕ್ಕೆ ನಾಚಿಕೆಯೂ ಆಯಿತು. ನಿರ್ಮಲಾ ಆಸ್ಪತ್ರೆಯಲ್ಲಿದ್ದಾಗ ಬಿಳಿಗೆರೆಯಿಂದ ದಿನಾ ಎಳನೀರು ತಂದವನು ತಿಮ್ಮಯ್ಯ. ಅವಳಿಗೆ ಕುಡಿಯಲು ಆಗುತ್ತಿರಲಿಲ್ಲ. ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದಳು, ಉಳಿದದ್ದನ್ನು ಇವರಿಬ್ಬರೂ ವರಾಂಡದಲ್ಲಿ ಕೂತು ಕುಡಿಯುತ್ತಿದ್ದರು. ಕೊನೆಗೆ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೊಬ್ಬ.

ಊಟದ ಹೊತ್ತು ಕಳೆಯುತ್ತಲೇ ತಿಮ್ಮಯ್ಯ ಬಂದ. ಹೆಗಲ ಮೇಲೆ ಎಳನೀರಿನ ಗೊಂಚಲು, ಜೇಬಿನಲ್ಲಿ ಕಾಗದ. ವಿದ್ಯುತ್ ಕಚೇರಿಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು; ಕಂಬ ಹತ್ತಿದ ಕಾಲು ಈಗಲೂ ನೆಲದ ಮೇಲೆ ಅನುಮಾನದಿಂದಲೇ ಹೆಜ್ಜೆ ಇಡುತ್ತಿತ್ತು. ಗೊಂಚಲನ್ನು ಬಾಗಿಲ ಬಳಿ ಇಳಿಸಿ ಕೂತ.

"ತಕೊಳಪ್ಪ, ನನ್ ಜಾತ್ಕ. ಬೇಗ ಬರ್ದ್ ಹಾಕು, ಐದರ ಬಸ್ಸಿಗೆ ಹೋಯ್ತೀನಿ. ಹಸ ಕರೀಬೇಕು."

ತೋಂಟದಾರ್ಯ ಕಾಗದ ಬಿಡಿಸಿದ, ಮಡಿಸಿದ, ಮತ್ತೆ ಬಿಡಿಸಿದ.

"ಇವತ್ತು ಆಗಲ್ಲ ಕಣೋ ತಿಮ್ಮಾ. ಸರ್ವರ್ ಕೆಟ್ಟಿದೆ."

"ಕಾಯ್ತೀನಿ ಬುಡು."

"ಇವತ್ತೆಲ್ಲ ಸರಿ ಹೋಗಲ್ಲ. ಕಾಯಿನೂ ಮುಗ್ದೋಗಿದೆ."

ಲೋಕದಲ್ಲಿ ಉಪಕಾರ ಮಾಡಲೆಂದೇ ಹುಟ್ಟಿದ ಕೆಲವರಿರುತ್ತಾರೆ. ದಯಾನಂದ ಫ್ಯಾನಿನ ಕೆಳಗಿನಿಂದ ಕತ್ತು ಚಾಚಿದ.

"ಒಂದೈತಲ್ಲಣ್ಣ. ಕಾಣಲ್ವಾ? ಮೂಲೇಲಿ ಬರ್ದೈತೆ ನೋಡು, ಬಾಕಿ ಒಂದು."

ಲಕ್ಷ್ಮೀದೇವಮ್ಮ ಅಳಿಯನ ವಿಷಯ ಇತ್ಯರ್ಥವಾಗದೆ ಮೇಲೆ ಹೋಗುವವರಲ್ಲವಾದ್ದರಿಂದ ಅಲ್ಲೇ ಕೂತಿದ್ದರು. ಅವರೂ ಬಗ್ಗಿ ನೋಡಿ, "ಹೂಂ ಕಣಪ್ಪ, ಒಂದೈತೆ" ಎಂದು ಸಾಕ್ಷಿ ನುಡಿದರು.

ತಿಮ್ಮಯ್ಯ ಪರದೆಯ ಕಡೆ ನೋಡಲಿಲ್ಲ. ಗೆಳೆಯನ ಮುಖ ನೋಡಿದ.

"ಒಂದೈತಾ?"

"ಐತೆ."

"ಯಾರಿಗೆ ಮಡಗಿದೀಯ?"

ಎರಡು ಮಾತು ಸಾಕಿತ್ತು. ಆದರೆ ಎಡಕ್ಕೆ ದಯಾನಂದನ ಕತ್ತು, ಬಲಕ್ಕೆ ಲಕ್ಷ್ಮೀದೇವಮ್ಮನವರ ಕಣ್ಣು. ಸತ್ತವಳಿಗೆ ಇಟ್ಟುಕೊಂಡು ಇದ್ದವನನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ ಎಂದು ಈ ಬಾಯಿಯಿಂದ ಹೇಳಿದರೆ, ಸಂಜೆಯೊಳಗೆ ನಿರ್ಮಲಾ ಇಡೀ ಬೀದಿಯ ನಗೆಮಾತಾಗುತ್ತಾಳೆ.

"ಒಬ್ಬರಿಗೆ ಬೇಕಾಗಿತ್ತು."

"ದೊಡ್ಡೋರಾ?"

"ಹೂಂ."

ತಿಮ್ಮಯ್ಯ ಕಾಗದವನ್ನು ಇಸಿದುಕೊಂಡು ಜೇಬಿಗಿಟ್ಟ. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ತೋಂಟದಾರ್ಯನಿಗೆ ಸುಲಭವಾಗುತ್ತಿತ್ತು.

"ಬುಡು. ನಂದೇನು, ಪಿಂಚಣಿ ಗಿರಾಕಿ. ದೊಡ್ಡೋರು ಕಾದಿರ್ತಾರೆ." ಬಾಗಿಲ ಬಳಿ ಒಂದು ಗಳಿಗೆ ನಿಂತ. "ನಿರ್ಮಲಕ್ಕ ಇದ್ದಿದ್ರೆ ನಂಗೆ ನಿಂತ್ಕೊಂಡು ಮಾಡಿಸ್ಕೊಡ್ತಿತ್ತು ಕಣ್ಲಾ."

ಆ ಮಾತು ಹೇಳಿ ಅವನು ಹೋದ. ಎಳನೀರು ಬಾಗಿಲಲ್ಲೇ ಉಳಿಯಿತು.

"ಪಾಪ, ಒಳ್ಳೇ ಮನುಷ್ಯ" ಎಂದರು ಲಕ್ಷ್ಮೀದೇವಮ್ಮ. "ನಿಂಗೆ ಹಿಂಗೆ ಬುದ್ಧಿ ಇರ್ಲಿಲ್ಲ ತೋಂಟಪ್ಪಾ. ಆ ದೊಡ್ಡೋರು ಯಾರಪ್ಪ?"

ತೋಂಟದಾರ್ಯ ತಲೆ ಎತ್ತಲಿಲ್ಲ. ಅವನ ಮುಖ ನೋಡಿಯೋ ಏನೋ, ಆ ಕಟ್ಟಡದ ಇತಿಹಾಸದಲ್ಲಿ ಮೊದಲ ಬಾರಿಗೆ ಲಕ್ಷ್ಮೀದೇವಮ್ಮ ಉತ್ತರಕ್ಕೆ ಕಾಯದೆ ಮಹಡಿ ಹತ್ತಿದರು.

ದೀಪ ಹಚ್ಚುವ ಹೊತ್ತಾಯಿತು. ದಯಾನಂದ ತನ್ನ ಅಂಗಡಿ ಮುಚ್ಚಲು ಹೋದ. ಬೀದಿಯಲ್ಲಿ ಕೊಬ್ಬರಿ ಲಾರಿಗಳು ಹೊರಟುಹೋಗಿದ್ದವು. ಗಾಳಿಯಲ್ಲಿ ಎಣ್ಣೆಯ ಜಿಡ್ಡು ವಾಸನೆ ಮಾತ್ರ ನಿಂತಿತ್ತು. ತೋಂಟದಾರ್ಯ ಎದ್ದು ಮುಖ ತೊಳೆದುಕೊಂಡ. ಮೇಜಿನ ಮೇಲಿನ ಧೂಳು ಒರೆಸಿದ. ಗಿರಾಕಿಯ ಕುರ್ಚಿಯ ಮೇಲಿದ್ದ ಹಳೆ ಪೇಪರುಗಳನ್ನು ತೆಗೆದು ಅದನ್ನು ಖಾಲಿ ಮಾಡಿದ. ಆಮೇಲೆ ಕೂತು, ಒಂದೊಂದೇ ಅಕ್ಷರ ಒತ್ತಿ, ನಿರ್ಮಲಾಳ ಹೆಸರು ಹಾಕಿದ.

ಪರದೆಯ ಮೇಲೆ ಒಂದು ಚೌಕ ಮೂಡಿತು.

'ಈ ಹೆಸರಿಗೆ ಈ ವರ್ಷದ ಶುಲ್ಕ ಈಗಾಗಲೇ ಕಡಿತವಾಗಿದೆ. ಎಷ್ಟು ಬಾರಿ ತೆರೆದರೂ ಮತ್ತೆ ಕಡಿತವಿಲ್ಲ.'

ಕೆಳಗೆ ತಾರೀಕು ಇತ್ತು. ಮೇ ತಿಂಗಳ ಕೊನೆ. ಹೊಸ ಸಾಫ್ಟ್‌ವೇರು ಹಾಕಿಸಿದ ದಿನ.

ಆಗ ನೆನಪಾಯಿತು. ಅವತ್ತು ಬೆಳಿಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಕಂಪ್ಯೂಟರು ಹಾಕಿದವನೇ, ಏನನ್ನೂ ಯೋಚಿಸದೆ, ಇಪ್ಪತ್ತು ವರ್ಷದ ರೂಢಿಯಲ್ಲಿ ಬೆರಳು ತಾನಾಗಿ ಅವಳ ಹೆಸರು ಒತ್ತಿತ್ತು. ನಾಣ್ಯಕ್ಕೆಂದು ಎಡಗೈಯನ್ನೂ ಚಾಚಿದ್ದ. ಚಾಚಿದ ಕೈ ಚಾಚಿದಂತೆಯೇ ಇದ್ದಾಗ ಎದುರಿನ ಕುರ್ಚಿ ಕಣ್ಣಿಗೆ ಬಿದ್ದು, ಕಂಪ್ಯೂಟರಿನ ಬೆನ್ನಿನ ಸ್ವಿಚ್ಚನ್ನೇ ಆರಿಸಿ ಮನೆಗೆ ಹೋಗಿ ಮಲಗಿದ್ದ. ಮಾರನೆಯ ದಿನದಿಂದ ಅದನ್ನು ಮರೆಯಲು ಪ್ರಯತ್ನಿಸಿ, ಇದೊಂದು ವಿಷಯದಲ್ಲಿ ಮಾತ್ರ, ಪೂರ್ತಿ ಗೆದ್ದಿದ್ದ.

ಕಂತೆಯ ಮೊದಲ ಕಾಯಿ ಅವಳಿಗೇ ಒಡೆದಿತ್ತು. ದಿನವಿಡೀ ತಿಮ್ಮಯ್ಯನಿಂದ ಬಚ್ಚಿಟ್ಟು ಕಾದದ್ದು ಯಾರಿಗೂ ಬೇಡವಾದ ಕಾಯಿ.

ಅವನು ಬಾಡಿಗೆ ಹಾಕಿದ, ಠೇವಣಿಯ ಬಡ್ಡಿ ಹಾಕಿದ, ವಾರಸುದಾರ ಎಂಬಲ್ಲಿ ತನ್ನ ಹೆಸರು ಹಾಕಿದ. ಕಳಿಸಿದ. ಸ್ವೀಕರಿಸಿದ್ದೇವೆ ಎಂದು ಉತ್ತರ ಬಂತು. ಕೊನೆಯ ದಿನವೇ ಆದರೂ ತಡವಾಗಲಿಲ್ಲ. ಬಾಕಿ ಒಂದು ಹಾಗೆಯೇ ಇತ್ತು.

ತೋಂಟದಾರ್ಯ ಫೋನು ತೆಗೆದು ತಿಮ್ಮಯ್ಯನಿಗೆ ಹಚ್ಚಿದ.

"ತಿಮ್ಮಾ, ಎಲ್ಲಿದೀಯ? ಕಾಗದ ಇದ್ರೆ ಫೋಟೋ ತೆಗ್ದು ಕಳ್ಸು, ಈಗ್ಲೇ ತುಂಬ್ತೀನಿ. ಒಂದು ಕಾಯಿ ಉಳ್ದೈತೆ."

"ಈಗ ಉಳೀತಾ?" ಹಿಂದೆ ಹಸು ಕೂಗಿದ್ದು ಕೇಳಿಸಿತು. "ಬ್ಯಾಡ ಬುಡಪ್ಪ. ಬಸ್‌ಸ್ಟ್ಯಾಂಡ್ ಹತ್ರ ಸಿದ್ದಾರ್ಥ್ ಅಂತ ಒಬ್ಬ ಹುಡುಗ ಕೂತವ್ನೆ, ಅವ್ನು ಮಾಡ್ಕೊಟ್ಟ. ಹೋದ ವರ್ಷದ್ದು ರೀಫಂಡ್ ನಿಂತಿತ್ತಲ್ಲ, ಅದನ್ನೂ ನೋಡ್ತೀನಿ ಅಂದ. ಮುಂದಿನ ವರ್ಷದ್ದೂ ಸೇರ್ಸಿ ಕಾಸು ಇಸ್ಕೊಂಡು, ಒಂದು ಗೋಡೆ ಗಡಿಯಾರ ಕೊಟ್ಟವ್ನೆ."

ತೋಂಟದಾರ್ಯ ಸುತ್ತ ನೋಡಿದ. ಈಗ ಅಂಗಡಿಯಲ್ಲಿ ಯಾರೂ ಇರಲಿಲ್ಲ.

"ನಿರ್ಮಲಂದು ಬಾಕಿ ಇತ್ತು ಕಣೋ" ಎಂದ. "ಅದಕ್ಕೆ ಮಡಗಿದ್ದೆ."



"ಅಷ್ಟು ಹೇಳಕ್ಕೇನ್ಲಾ ಆಗಿತ್ತು ನಿಂಗೆ" ಎಂದ ತಿಮ್ಮಯ್ಯ. ಧ್ವನಿ ಇಳಿದಿತ್ತು. "ಅಕ್ಕನ ಕಾಯಿಗೆ ನಾನು ಕೈ ಹಾಕ್ತಿದ್ನೇನ್ಲಾ? ನಾನೇ ಬ್ಯಾಡ ಅಂತಿದ್ದೆ. ಕಾಸು ಕೊಟ್ಬುಟ್ಟಿದೀನಿ, ಗಡಿಯಾರನೂ ಗೋಡೆಗೆ ಹಾಕಾಯ್ತು. ಇನ್ನೇನ್ ಮಾಡಾಕಾಯ್ತದೆ. ಎಳನೀರು ಬಾಗಿಲಲ್ಲಿ ಐತೆ, ಬಿಸಿಲಿಗೆ ಕೆಡೋಕೆ ಮುಂಚೆ ಕುಡಿ" ಎಂದು ಫೋನು ಇಟ್ಟ.

ಬಿಸಿಲು ಮುಳುಗಿ ಎಷ್ಟೋ ಹೊತ್ತಾಗಿತ್ತು.

ಅಷ್ಟರಲ್ಲಿ ದಯಾನಂದ ತನ್ನ ಷಟರ್ ಎಳೆದು, ದಾರಿಯಲ್ಲಿ ಕಂಡ ಗೊಂಚಲಿನಿಂದ ಒಂದು ಎಳನೀರು ಕಿತ್ತುಕೊಂಡು, ಒಳಗೆ ಬಂದ. ಪರದೆಯ ಮೇಲೆ ಸಾಫ್ಟ್‌ವೇರು ಮುಚ್ಚಿಕೊಳ್ಳುವ ಮೊದಲು ಎಲ್ಲರಿಗೂ ಕೇಳುವ ಕೊನೆಯ ಪ್ರಶ್ನೆ ನಿಂತಿತ್ತು. ಅದಕ್ಕೆ ಬದುಕಿದವರು ಸತ್ತವರೆಂಬ ಭೇದ ಗೊತ್ತಿರಲಿಲ್ಲ.

'ನಿರ್ಮಲಾ. ಮುಂದಿನ ವರ್ಷದ ಪಟ್ಟಿಗೆ ಈ ಹೆಸರನ್ನು ಒಯ್ಯಬೇಕೆ? ಒಂದು ಕ್ರೆಡಿಟ್ ಕಡಿತವಾಗುತ್ತದೆ.'

"ಬೇಡ ಅಂತ ಒತ್ತಣ್ಣ" ಎಂದ ದಯಾನಂದ. "ಇರೋದೊಂದು. ನಾಳೆ ತಡವಾಗಿ ಯಾವನಾದ್ರೂ ದಂಡ ಕಟ್ಟೋನು ಬಂದ್ರೆ ಬೇಕಾಯ್ತದೆ."

ತೋಂಟದಾರ್ಯ 'ಹೌದು' ಎಂಬುದರ ಮೇಲೆ ಒತ್ತಿದ. ಮೂಲೆಯಲ್ಲಿ ಬಾಕಿ ಸೊನ್ನೆಯಾಯಿತು.

ದಯಾನಂದ ಎಳನೀರು ಹಿಡಿದುಕೊಂಡು ಬಾಯಿ ಬಿಟ್ಟ. "ಅಯ್ಯೋ ಅಣ್ಣಾ. ಏನಕ್ಕಣ್ಣಾ ಅದು?"

ತೋಂಟದಾರ್ಯ ಜೇಬಿಗೆ ಕೈ ಹಾಕಿ, ತಡಕಾಡಿ, ಒಂದು ರೂಪಾಯಿ ನಾಣ್ಯ ತೆಗೆದು ಎದುರಿನ ಕುರ್ಚಿಯ ಕಡೆಗೆ ಮೇಜಿನ ಮೇಲಿಟ್ಟ.

"ಮುಂದಿನ ವರ್ಷದ ಬೋಣಿ ಕಣ್ಲಾ" ಎಂದ.